ಸಾನ್ನಿಧ್ಯದ ಗುರುತು

ದೇವರು ಸರ್ವವ್ಯಾಪಿಯೆಂಬ ಮಾತನ್ನು ಒಪ್ಪದ ಕ್ರೈಸ್ತನಿಲ್ಲ. ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕುಳಿತು ಬಾಯಿಪಾಠ ಮಾಡಿದ ಪ್ರಶ್ನೋತ್ತರಗಳಲ್ಲಿಯೇ ಅದು ಬಂದುಹೋಗಿರುತ್ತದೆ. ಪ್ರಾಯ ಬಂದ ಮೇಲೆ ಯಾರಾದರೂ ಕೇಳಿದರೆ ತಡವರಿಸದೆ ಅದನ್ನೇ ಒಪ್ಪಿಸುತ್ತೇವೆ. ಆದರೆ ಎಲ್ಲೆಲ್ಲಿಯೂ ಇರುವ ಆ ದೇವರು ಈ ಹೊತ್ತು, ಈ ಅಡಿಗೆಮನೆಯಲ್ಲಿ, ಅಡಕೆ ಸುಲಿಯುವ ಈ ಚಪ್ಪರದ ಕೆಳಗೆ, ಕೂಲಿಯ ಲೆಕ್ಕ ಬರೆಯುವ ಈ ಮೇಜಿನ ಮುಂದೆ ಇದ್ದಾನೆಂಬುದನ್ನು ಕಂಡುಕೊಂಡು, ಕಂಡುಕೊಂಡದ್ದಕ್ಕೆ ತಕ್ಕಂತೆ ನಡೆದುಕೊಳ್ಳುವುದು ಬೇರೆಯೇ ಮಾತು. ಒಪ್ಪುವುದಕ್ಕೆ ಬುದ್ಧಿಯೊಂದು ಸಾಕು; ಕಂಡುಕೊಳ್ಳುವುದಕ್ಕೆ ಬುದ್ಧಿಯ ಜೊತೆಗೆ ಪರಿಚಯ ಬೇಕು, ಅಭ್ಯಾಸ ಬೇಕು, ಬಹುಮಟ್ಟಿಗೆ ಕಾಲವೂ ಬೇಕು.

ಕೊಪ್ಪ ತಾಲ್ಲೂಕಿನ ನಮ್ಮ ನಾರ್ವೆಯ ಕಡೆಯ ಮಲೆನಾಡಿನಲ್ಲಿ ಬಾಳುವವರಿಗೆ ಈ ವಿಚಾರ ಕೇವಲ ಪುಸ್ತಕದ್ದಾಗಿ ಉಳಿಯುವುದಿಲ್ಲ. ಗುಡ್ಡದ ಮಗ್ಗುಲಿಗೆ ಒಂದು ಮನೆ. ತೋಟ ದಾಟಿ, ಗದ್ದೆಯ ಅಂಚು ಹಿಡಿದು, ಹಳ್ಳದ ಸಂಕವನ್ನು ಹಾಯ್ದು ನಡೆದರೆ ಇನ್ನೊಂದು ಮನೆ. ಇಂತಹ ಊರಿನಲ್ಲಿ ದೇವಾಲಯವೆಂಬುದು ಕಿಟಕಿಯಿಂದ ಕಾಣುವಷ್ಟು ಹತ್ತಿರ ಇರುವ ಭಾಗ್ಯ ಎಲ್ಲರಿಗೂ ಇಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳ ಕ್ರೈಸ್ತರಾದರೂ ಒಂದೇ ದಿಕ್ಕಿನಿಂದ ಬಂದವರಲ್ಲ. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ತೋಟದ ಕೆಲಸಕ್ಕೆಂದೋ ಸ್ವಂತ ಭೂಮಿಯ ಆಸೆಯಿಂದಲೋ ಹತ್ತಿಬಂದ ಕೊಂಕಣಿ ಮಾತಿನ ಕಥೋಲಿಕರು, ಕೇರಳದಿಂದ ಬಂದು ರಬ್ಬರು ಬೆಳೆದು ನರಸಿಂಹರಾಜಪುರದ ಸುತ್ತ ನೆಲೆನಿಂತ ಸಿರಿಯನ್ ಕ್ರೈಸ್ತರು, ಕನ್ನಡವನ್ನೇ ಮನೆಮಾತಾಗಿ ಉಳ್ಳ ಇನ್ನು ಕೆಲವರು, ಹೀಗೆ ಹಲವು ಮಾತಿನ, ಹಲವು ವಿಧಿಯ ಜನ. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪಿತವಾದ ತರುವಾಯ ಇಲ್ಲಿಯ ಕಥೋಲಿಕರಿಗೆ ತಮ್ಮ ಜಿಲ್ಲೆಯಲ್ಲಿಯೇ ಬಿಷಪರ ಪೀಠವಿರುವಂತಾಯಿತು. ಆದರೂ ಮಳೆಗಾಲದ ಭಾನುವಾರಗಳಲ್ಲಿ ಹಳ್ಳ ಏರಿ, ಮಣ್ಣಿನ ದಾರಿ ಕೊಚ್ಚಿಹೋಗಿ, ಬಲಿಪೂಜೆಗೆ ಹೋಗಲಾರದೆ ಮನೆಯಲ್ಲಿಯೇ ಮೊಣಕಾಲೂರಿದ ಕುಟುಂಬಗಳು ಎಷ್ಟೋ. ಹಾಗೆ ಮನೆಯಲ್ಲಿ ಉಳಿದವನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜವಾದದ್ದು: ನಾನು ಹೋಗಲಾರದ ದಿನ ಆತನು ಅಲ್ಲಿಯೇ ಉಳಿಯುವನೆ, ಇಲ್ಲಿಗೂ ಬರುವನೆ?

ಕ್ರೈಸ್ತಶ್ರದ್ಧೆ ಈ ಪ್ರಶ್ನೆಗೆ ಕೊಡುವ ಮೊದಲನೆಯ ಉತ್ತರ ಒಂದು ಸಿದ್ಧಾಂತವಲ್ಲ, ಒಂದು ಊರಿನ ಹೆಸರು. ಯೇಸು ಸುಮಾರು ಮೂವತ್ತು ವರ್ಷ ಪ್ರಾಯದವನಾಗಿದ್ದಾಗ ತನ್ನ ಬೋಧೆಯನ್ನು ಆರಂಭಿಸಿದನೆಂದು ಲೂಕನು ಬರೆಯುತ್ತಾನೆ. ಅದಕ್ಕೆ ಹಿಂದಿನ ಕಾಲದಲ್ಲಿ ಬಹುಪಾಲು ಗಲಿಲಾಯದ ನಜರೇತೆಂಬ ಸಣ್ಣ ಊರಿನಲ್ಲಿ ಮರಗೆಲಸದವನ ಮನೆಯಲ್ಲಿ ಕಳೆಯಿತು. ಆ ವರ್ಷಗಳ ವಿಷಯವಾಗಿ ಸುವಾರ್ತೆಗಳು ಹೇಳುವುದು ಬೆರಳೆಣಿಕೆಯಷ್ಟು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಪವಾಡವಿಲ್ಲ, ಉಪದೇಶವಿಲ್ಲ, ಹಿಂಬಾಲಿಸುವ ಜನಜಂಗುಳಿಯಿಲ್ಲ. ಉಳಿ, ಬಾಚಿ, ಮರದ ಹೊಟ್ಟು, ತಾಯಿ ಮಾಡಿದ ಅಡಿಗೆ, ನೆರೆಹೊರೆ, ಸಬ್ಬತ್ ದಿನದ ಪ್ರಾರ್ಥನಾಮಂದಿರ, ಇಷ್ಟೆ. ದೇವರು ಮನುಷ್ಯನಾದನೆಂಬುದು ನಿಜವಾದರೆ, ಆತನು ಮನುಷ್ಯನಾಗಿ ಕಳೆದ ಆಯುಷ್ಯದ ಮುಕ್ಕಾಲುಪಾಲಿಗೂ ಮಿಕ್ಕ ಭಾಗವನ್ನು ಯಾರೂ ಗಮನಿಸದಂತಹ ದಿನಚರಿಗೆ ಕೊಟ್ಟನೆಂಬುದೂ ಅಷ್ಟೇ ನಿಜ. ಆ ವರ್ಷಗಳನ್ನು ನಾವು ಕೇವಲ ಪೀಠಿಕೆಯೆಂದು ದಾಟಿಬಿಡುತ್ತೇವೆ. ನನ್ನ ಅಭಿಪ್ರಾಯದಲ್ಲಿ ಕ್ರೈಸ್ತಗೃಹಸ್ಥನಿಗೆ ಅವಕ್ಕಿಂತ ಹತ್ತಿರವಾದ ಅಧ್ಯಾಯ ಸುವಾರ್ತೆಯಲ್ಲಿ ಇನ್ನೊಂದಿಲ್ಲ. ನಜರೇತಿನವರು ಆತನನ್ನು ದಿನವೂ ನೋಡುತ್ತಿದ್ದರು, ಗುರುತಿಸಲಿಲ್ಲ. ನೋಡುವುದಕ್ಕೂ ಗುರುತಿಸುವುದಕ್ಕೂ ಇರುವ ಅಂತರ ಅಲ್ಲಿಂದಲೇ ಆರಂಭವಾಗುತ್ತದೆ.

ಈ ಅಂತರವನ್ನು ನಮ್ಮ ದೇಶದ ತಾರ್ಕಿಕರು ಬಹು ಹಿಂದೆಯೇ ವಿಚಾರಿಸಿದ್ದರು. ಹಿಂದೊಮ್ಮೆ ಬೇರೊಂದು ಊರಿನಲ್ಲಿ ಕಂಡ ದೇವದತ್ತನನ್ನು ಇಂದು ಇಲ್ಲಿ ಕಂಡು, ಆತನೇ ಈತನೆಂದು ಅರಿಯುವ ಜ್ಞಾನವು ಕೇವಲ ಪ್ರತ್ಯಕ್ಷವೂ ಅಲ್ಲ, ಕೇವಲ ಸ್ಮರಣೆಯೂ ಅಲ್ಲ. ಎರಡೂ ಒಂದು ಕ್ಷಣದಲ್ಲಿ ಕೂಡಿದಾಗ ಹುಟ್ಟುವಂತಹದೆಂದು ಅವರು ತೋರಿಸಿದರು. ಶಂಕರಾಚಾರ್ಯರ ಪೀಠವು ಶತಮಾನಗಳಿಂದ ಬೆಳಗುತ್ತಿರುವ ಶೃಂಗೇರಿಯ ಮಗ್ಗುಲಲ್ಲಿ ಬಾಳುವ ನಮಗೆ ಈ ದೃಷ್ಟಾಂತವನ್ನು ನೆರೆಮನೆಯಿಂದ ತಂದುಕೊಳ್ಳುವುದರಲ್ಲಿ ಸಂಕೋಚವಿರಬೇಕಾಗಿಲ್ಲ. ಪುನರುತ್ಥಾನದ ತರುವಾಯದ ಕಥೆಗಳನ್ನು ಈ ಬೆಳಕಿನಲ್ಲಿ ಓದಿದರೆ ಅವುಗಳಲ್ಲಿ ಒಂದು ವಿಚಿತ್ರವಾದ ಸಾಮ್ಯ ಕಾಣುತ್ತದೆ: ಕ್ರಿಸ್ತನನ್ನು ಅತ್ಯಂತ ಹತ್ತಿರದಿಂದ ಬಲ್ಲವರೇ ಆತನನ್ನು ಮೊದಲ ನೋಟಕ್ಕೆ ಗುರುತಿಸುವುದಿಲ್ಲ. ಯೆರೂಸಲೇಮಿನಿಂದ ಸುಮಾರು 11 ಕಿಲೋಮೀಟರು ದೂರದ ಎಮ್ಮಾವುಸಿಗೆ ಹೊರಟ ಇಬ್ಬರು ಶಿಷ್ಯರು ದಾರಿಯುದ್ದಕ್ಕೂ ಆತನೊಡನೆ ಮಾತನಾಡುತ್ತ ನಡೆದರೂ ಆತನು ಯಾರೆಂದು ತಿಳಿಯಲಿಲ್ಲ; ಇರುಳಾಯಿತೆಂದು ಒತ್ತಾಯಪಡಿಸಿ ಒಳಕ್ಕೆ ಕರೆದು ಊಟಕ್ಕೆ ಕುಳ್ಳಿರಿಸಿದಾಗ, ಆತನು ರೊಟ್ಟಿಯನ್ನು ಮುರಿದ ಬಗೆಯಲ್ಲಿ ತಿಳಿದರು. ಗಲಿಲಾಯದ ಸರೋವರದ ದಡದಲ್ಲಿ ಆತನು ಕೆಂಡದ ಮೇಲೆ ಮೀನು ಸುಟ್ಟು ಉಪಾಹಾರ ಸಿದ್ಧಪಡಿಸಿ ಕಾದಿದ್ದಾಗ, ರಾತ್ರಿಯೆಲ್ಲ ಬಲೆ ಬೀಸಿ ಬಳಲಿದ ಬೆಸ್ತರಿಗೆ ದಡದಲ್ಲಿ ನಿಂತವನು ಯಾರೋ ಅಪರಿಚಿತನೆಂದೇ ತೋರಿತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು ಮಗ್ದಲದ ಮರಿಯಳ ಕಥೆ. ಆಕೆ ಸಮಾಧಿಯ ಬಳಿ ಅಳುತ್ತ ನಿಂತು, ತನ್ನೆದುರಿಗಿದ್ದವನನ್ನು ತೋಟದ ಆಳೆಂದು ಬಗೆದಳು. ಅಡಕೆಯ ತೋಟ, ಕಾಫಿಯ ತೋಟಗಳ ನಡುವೆಯೇ ಹುಟ್ಟಿ ಬೆಳೆದ ನಮಗೆ ಈ ಚಿತ್ರ ದೂರದ್ದಲ್ಲ: ಬೆಳಗಿನ ಜಾವ, ಇನ್ನೂ ಪೂರ್ತಿ ಬಿಡದ ಮಂಜು, ತೋಟದ ಸಾಲಿನ ನಡುವೆ ನಿಂತ ಒಬ್ಬ ಮನುಷ್ಯ. ಆಕೆ ಆತನನ್ನು ಹಾಗೆ ಬಗೆದದ್ದರಲ್ಲಿ ಅಪಚಾರವೇನೂ ಇರಲಿಲ್ಲ. ಆತನೂ ಅದನ್ನು ತಿದ್ದುವುದಕ್ಕಾಗಿ ತೇಜಸ್ಸನ್ನು ತೋರಲಿಲ್ಲ, ಆಕೆಯ ಹೆಸರು ಹಿಡಿದು ಕರೆದನು. ಆ ಒಂದು ಕರೆಯಲ್ಲಿ ಹಿಂದಿನ ಪರಿಚಯವೆಲ್ಲ ಎಚ್ಚತ್ತಿತು. ಪರಿಚಯವಿಲ್ಲದವಳಾಗಿದ್ದರೆ ಆ ದನಿ ಆಕೆಗೆ ಯಾವನೋ ಒಬ್ಬನ ದನಿಯಾಗಿಯೇ ಉಳಿಯುತ್ತಿತ್ತು.

ಆದಕಾರಣ, ದೈನಂದಿನ ಬಾಳಿನಲ್ಲಿ ದೇವರನ್ನು ಗುರುತಿಸಬೇಕೆಂಬವನು ಮೊದಲು ಕೇಳಿಕೊಳ್ಳಬೇಕಾದದ್ದು, ನನಗೆ ಆತನ ಪರಿಚಯ ಎಷ್ಟರಮಟ್ಟಿಗೆ ಉಂಟು ಎಂಬುದನ್ನು. ಆಧುನಿಕರಲ್ಲಿ ಕೆಲವರು, ದೇವರನ್ನು ಗುಡ್ಡದ ಮೇಲಿನ ಮಂಜಿನಲ್ಲಿಯೂ ಹಕ್ಕಿಯ ಹಾಡಿನಲ್ಲಿಯೂ ಕಾಣುತ್ತೇನೆ, ಗುಡಿ ಗ್ರಂಥ ವಿಧಿಗಳ ಹಂಗು ನನಗಿಲ್ಲ ಎನ್ನುತ್ತಾರೆ. ಅವರ ಸೌಂದರ್ಯಾನುಭವವನ್ನು ನಾನು ಅಲ್ಲಗಳೆಯಲಾರೆ. ಕುದುರೆಮುಖದ ಶ್ರೇಣಿಯ ಮೇಲೆ ಮುಂಗಾರಿನ ಮೋಡ ಕವಿಯುವುದನ್ನು ಕಂಡವನು ಅದನ್ನು ಅಲ್ಲಗಳೆಯುವುದು ಹೇಗೆ? ಆದರೆ ಸೌಂದರ್ಯದ ಮುಂದೆ ಉಂಟಾಗುವ ರೋಮಾಂಚವು ಯಾರ ಸಾನ್ನಿಧ್ಯದ ಗುರುತೆಂದು ಹೇಳುವುದಕ್ಕೆ, ಆ ಯಾರೋ ಒಬ್ಬನ ಸ್ವಭಾವ ತಿಳಿದಿರಬೇಕು. ಕ್ರೈಸ್ತನಿಗೆ ಆ ಸ್ವಭಾವವನ್ನು ತಿಳಿಸುವುದು ಸುವಾರ್ತೆ. ಆ ತಿಳಿವನ್ನು ಮೈಗೂಡಿಸುವುದು ಬಲಿಪೀಠ ಮತ್ತು ಮನೆಯ ಪ್ರಾರ್ಥನೆ.

ಮನೆಯ ಪ್ರಾರ್ಥನೆಯ ಮಾತು ಬಂದದ್ದರಿಂದ ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ನಮ್ಮ ಕೊಂಕಣಿ ಕಥೋಲಿಕ ಮನೆಗಳಲ್ಲಿ ಆಮೊರಿಯೆಂಬ ಸಂಜೆಯ ಪ್ರಾರ್ಥನೆಯಾದ ಮೇಲೆ ತೇರ್ಸ್, ಎಂದರೆ ಜಪಸರದ ಪ್ರಾರ್ಥನೆ, ನಡೆಯುತ್ತದೆ. ಹೊರಗೆ ಮಳೆ ಹೆಂಚಿನ ಮೇಲೆ ಬಡಿಯುತ್ತಿದ್ದರೂ, ವಿದ್ಯುತ್ತು ಹೋಗಿ ಚಿಮಿಣಿ ದೀಪವೊಂದೇ ಉಳಿದಿದ್ದರೂ, ಆಲ್ತಾರಿನ ಮುಂದೆ ಎಲ್ಲರೂ ಸೇರಿ ಜಪಸರದ ಮಣಿಗಳನ್ನು ಎಣಿಸುತ್ತಾರೆ. ಅದು ಮುಗಿಯುತ್ತಲೆ ಮಕ್ಕಳು ಒಬ್ಬೊಬ್ಬರಾಗಿ ಅಜ್ಜ ಅಜ್ಜಿ ತಂದೆ ತಾಯಿಯರ ಮುಂದೆ ಕೈಮುಗಿದು ಬೆಸಾಂವ್ ಬೇಡುತ್ತಾರೆ. ಹಿರಿಯರು ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಮಧ್ಯಾಹ್ನ ಯಾವುದೋ ಕಾರಣಕ್ಕೆ ಬೈಸಿಕೊಂಡ ಹುಡುಗನೂ ಬೈದ ತಂದೆಯೂ ಆ ಒಂದು ಕ್ಷಣ ಎದುರುಬದುರಾಗಲೇಬೇಕು. ಕೈಯಿಡುವವನಿಗೆ ತಾನು ಕೊಡುತ್ತಿರುವ ಆಶೀರ್ವಾದ ತನ್ನದಲ್ಲವೆಂದು ಗೊತ್ತು. ಪಡೆಯುವವನಿಗೆ ತಂದೆಯ ಕೈಯ ಒರಟುತನದ ಹಿಂದೆ ಬೇರೊಂದು ತಂದೆತನವಿದೆಯೆಂದು, ಮಾತಿನಲ್ಲಿ ಹೇಳಲು ಬಾರದಿದ್ದರೂ, ವರ್ಷಗಳು ಉರುಳಿದಂತೆ ತಿಳಿಯುತ್ತ ಹೋಗುತ್ತದೆ. ತೇರ್ಸಿನ ನಡುವೆ ತೂಕಡಿಸದ ಮಗುವಿಲ್ಲ, ಮನಸ್ಸು ಎಲ್ಲಿಯೋ ಹೋಗದ ಹಿರಿಯನಿಲ್ಲ. ಆದರೂ ಆ ಹೊತ್ತು ವ್ಯರ್ಥವಾಗುವುದಿಲ್ಲ. ಪರಿಚಯವೆಂಬುದು ಏಕಾಗ್ರತೆಯ ಕ್ಷಣಗಳಲ್ಲಿ ಮಾತ್ರ ಬೆಳೆಯುವಂತಹದಾಗಿದ್ದರೆ ಗಂಡಹೆಂಡಿರಿಗೆ ಪರಸ್ಪರ ಪರಿಚಯವೇ ಆಗುತ್ತಿರಲಿಲ್ಲ.

ಸೆಪ್ಟೆಂಬರ್ 8ರಂದು ಬರುವ ಮೊಂತಿ ಹಬ್ಬದಲ್ಲಿ ಈ ಪರಿಚಯ ಅನ್ನದ ತಟ್ಟೆಗೇ ಇಳಿದುಬರುತ್ತದೆ. ಮಾತೆ ಮರಿಯಳ ಜನ್ಮದಿನವೂ ಹೊಸ ಅಕ್ಕಿಯ ಹಬ್ಬವೂ ಆದ ಆ ದಿನಕ್ಕೆ ಮುಂಚೆ ಒಂಬತ್ತು ದಿನಗಳ ಪ್ರಾರ್ಥನೆ; ದಿನವೂ ಮಕ್ಕಳು ಬುಟ್ಟಿಯಲ್ಲಿ ಹೂ ತುಂಬಿಕೊಂಡು ಬಂದು ಮಾತೆಯ ಪ್ರತಿಮೆಗೆ ಎರಚುತ್ತಾರೆ. ಶ್ರಾವಣ ಭಾದ್ರಪದಗಳ ನಮ್ಮ ಅಂಗಳದಲ್ಲಿ ಆಗ ಡೇರೆ ಹೂವೂ ಕರ್ಣಕುಂಡಲವೂ ತುಂಬಿರುತ್ತವೆ. ಅದೇ ಹೂವು ಪಕ್ಕದ ಮನೆಯಲ್ಲಿ ಗೌರಿಗೆ ಏರುತ್ತದೆ, ನಮ್ಮ ಮನೆಯಿಂದ ಮಾತೆಗೆ. ಹಬ್ಬದ ಬೆಳಿಗ್ಗೆ ದೇವಾಲಯದಲ್ಲಿ ಧರ್ಮಗುರುಗಳು ಭತ್ತದ ತೆನೆಗಳನ್ನು ಆಶೀರ್ವದಿಸಿ ಹಂಚುತ್ತಾರೆ. ಕರಾವಳಿಯಲ್ಲಿ ಆ ಹೊತ್ತಿಗೆ ತೆನೆ ಬಲಿತಿರುತ್ತದೆ. ನಮ್ಮ ಮಲೆನಾಡಿನ ನಾಟಿಗದ್ದೆ ಇನ್ನೂ ಹಸುರಾಗಿಯೇ ಇರುತ್ತದೆ. ನಮ್ಮ ಗದ್ದೆ ಇನ್ನೂ ಕೊಡದಿರುವ ಅನ್ನಕ್ಕೆ ನಾವು ಮೊದಲೇ ಕೃತಜ್ಞತೆ ಸಲ್ಲಿಸುತ್ತೇವೆಂಬುದು ನನಗೆ ಯಾವಾಗಲೂ ಗಂಭೀರವಾಗಿ ತೋರಿದೆ. ಮನೆಗೆ ತಂದ ತೆನೆಯಿಂದ ಕೆಲವು ಕಾಳುಗಳನ್ನು ಉಗುರಿನಿಂದ ಬಿಡಿಸಿ, ಅರೆದು, ತೆಂಗಿನ ಹಾಲು ಬೆಲ್ಲಗಳೊಡನೆ ಬೆರಸಿ, ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ತರುವಾಯ ಬಾಳೆಲೆಯ ಮೇಲೆ ತರಕಾರಿಯ ಊಟ. ಆ ದಿನ ಮನೆಯಲ್ಲಿಲ್ಲದವರ ಪಾಲು ಮರೆತುಹೋಗುವುದಿಲ್ಲ. ಮುಂಬಯಿಯಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ದುಡಿಯುತ್ತಿದ್ದ ಮಗನಿಗೆ ನಾಲ್ಕು ಕಾಳನ್ನು ಒಣಗಿಸಿ ಕಾಗದದ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದು ಮೊನ್ನೆಮೊನ್ನೆಯವರೆಗೂ ವಾಡಿಕೆಯಾಗಿತ್ತು. ಸಾವಿರಾರು ಮೈಲಿ ಆಚೆ ಒಂದು ಕೊಠಡಿಯಲ್ಲಿ, ಪಾಳಿಯ ಕೆಲಸ ಮುಗಿಸಿ ಬಂದವನೊಬ್ಬ ಆ ಲಕೋಟೆಯನ್ನು ಒಡೆದು, ಗಂಜಿಗೆ ಆ ಕಾಳನ್ನು ಹಾಕಿ ಉಣ್ಣುವಾಗ, ಎಮ್ಮಾವುಸಿನ ಮೇಜು ಅಲ್ಲಿಯವರೆಗೂ ಚಾಚಿಕೊಳ್ಳುವುದಿಲ್ಲವೆಂದು ಯಾರು ಹೇಳಬಲ್ಲರು?

ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಪೆಸಹಾ ಗುರುವಾರದ ರಾತ್ರಿ ಇದಕ್ಕೆ ಸಮನಾದ ಒಂದು ವಿಧಿಯುಂಟು. ಹುಳಿಬರಿಸದ ಹಿಟ್ಟಿನ ಅಪ್ಪ. ಅದರ ಮೇಲೆ ಗರಿಗಳ ಭಾನುವಾರದಂದು ಆಶೀರ್ವದಿಸಿ ತಂದ ತೆಂಗಿನ ಎಳೆಗರಿಯ ಪುಟ್ಟ ಶಿಲುಬೆ. ಮನೆಯ ಯಜಮಾನನು ಪ್ರಾರ್ಥಿಸಿ ಅದನ್ನು ಮುರಿದು, ಪ್ರಾಯದಲ್ಲಿ ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರಿಗೂ ಕೊಡುತ್ತಾನೆ. ರಬ್ಬರಿನ ಹಾಲಿಳಿಸಿ ಕಪ್ಪಾದ ಬೆರಳುಗಳಿಂದ ಆತನು ರೊಟ್ಟಿ ಮುರಿಯುವಾಗ ಮಗ್ಗುಲಲ್ಲಿ ಕುಳಿತ ಮಗು ಆ ಬೆರಳುಗಳನ್ನೇ ನೋಡುತ್ತಿರುತ್ತದೆ. ಮುಂದೆ ಎಂದೋ ಒಂದು ದಿನ, ಎಲ್ಲಿಯೋ ಒಂದೆಡೆ, ಯಾರೋ ಅಪರಿಚಿತರು ತಮ್ಮ ಅನ್ನದಲ್ಲಿ ಪಾಲು ಮಾಡಿ ಕೊಟ್ಟಾಗ, ಆ ಮಗುವಿಗೆ ಆ ಕೈಯ ಗುರುತು ಹತ್ತಬಹುದು.

ಮನೆಯ ಪ್ರಾರ್ಥನೆಯಿಂದ ಇನ್ನು ದುಡಿಮೆಯ ಕಡೆಗೆ ತಿರುಗೋಣ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಕ್ರೈಸ್ತಪಾದ್ರಿಯೂ ಬೈಸಿಕಲ್ಲೂ ಹೆಚ್ಚುಕಡಿಮೆ ಒಟ್ಟಿಗೇ ಮಲೆನಾಡನ್ನು ಪ್ರವೇಶಿಸುತ್ತವೆ. ಎರಡೂ ನೋಡಿದವರಿಗೆ ಸೋಜಿಗ. ಆ ಸೋಜಿಗದ ಕಾಲ ಎಂದೋ ಮುಗಿಯಿತು. ಸೋಜಿಗ ಮುಗಿದ ಮೇಲೆ ಉಳಿದ ಧರ್ಮವು ದುಡಿಮೆಯೊಡನೆ ಹೇಗೆ ಕೂಡಿತೆಂಬುದನ್ನು ಚಿಂತಿಸಿದ ಕನ್ನಡ ಕ್ರೈಸ್ತರಲ್ಲಿ ಅಗ್ರಗಣ್ಯರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ, ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಆ ಹಿರಿಯರು ಶರಣರ ಅನುಭವ ಮಂಟಪದ ವಿಷಯವಾಗಿಯೂ ಆಳವಾದ ಅಭ್ಯಾಸ ನಡೆಸಿದರು. ಕೈಯ ಕೆಲಸವನ್ನೇ ಶಿವಾರ್ಪಣವಾಗಿ ಕಂಡ ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವವನ್ನು ಓದಿದ ಕ್ರೈಸ್ತನು ನಜರೇತಿನ ಮರಗೆಲಸದ ಮನೆಗೆ ಹೊಸ ಕಣ್ಣಿನಿಂದ ಮರಳುತ್ತಾನೆ.

ಪಶ್ಚಿಮದಲ್ಲಿ ಇದೇ ದಾರಿಯನ್ನು ತುಳಿದವನು ಪ್ಯಾರಿಸಿನ ಕಾರ್ಮೆಲ್ ಮಠದ ಸಹೋದರ ಲಾರೆನ್ಸ್. ಪೂರ್ವಾಶ್ರಮದ ಹೆಸರು ನಿಕೊಲಾಸ್ ಹರ್ಮನ್. ಸೈನಿಕನಾಗಿ ಗಾಯಗೊಂಡು ಕುಂಟಾದವನು. ಹದಿನೆಂಟನೆಯ ವಯಸ್ಸಿನಲ್ಲಿ ಚಳಿಗಾಲದ ಬೋಳುಮರವೊಂದನ್ನು ಕಂಡು, ಇನ್ನು ಸ್ವಲ್ಪ ದಿನದಲ್ಲಿ ಅದು ಚಿಗುರಿ ಹೂಬಿಡುವುದೆಂದು ನೆನೆದದ್ದೇ ಅವನ ಪಾಲಿಗೆ ದೀಕ್ಷೆಯಾಯಿತು. ನಮ್ಮ ನಾರ್ವೆಯ ಕಡೆಯ ಕಾಡು ಹಾಗೆ ಪೂರ್ತಿ ಬೋಳಾಗುವುದಿಲ್ಲ. ಆದರೆ ಭದ್ರೆಯ ಹಿನ್ನೀರಿನ ಕಡೆ ತೇಗ ಮತ್ತಿಗಳು ಎಲೆಯುದುರಿಸಿ ನಿಂತ ಬೇಸಿಗೆಯಲ್ಲಿ ಆ ಮರವನ್ನು ಊಹಿಸಿಕೊಳ್ಳಬಹುದು. ಮಠದಲ್ಲಿ ಅವನಿಗೆ ಬಿದ್ದದ್ದು ಅಡಿಗೆಮನೆಯ ಕೆಲಸ. ಅದು ಅವನಿಗೆ ಸ್ವಭಾವತಃ ಇಷ್ಟವಾದ ಕೆಲಸವಲ್ಲ. ಇಷ್ಟವಿಲ್ಲದ ಆ ಕೆಲಸವನ್ನು ಬಹುಕಾಲ ಮಾಡುತ್ತ, ಪಾತ್ರೆಗಳ ಸದ್ದಿನ ನಡುವೆ, ನಾಲ್ಕು ಜನ ನಾಲ್ಕು ಬಗೆಯ ವಸ್ತುವನ್ನು ಕೇಳುವ ಗದ್ದಲದ ನಡುವೆ, ಬಲಿಪೀಠದ ಮುಂದೆ ಮೊಣಕಾಲೂರಿದಾಗ ಎಷ್ಟೋ ಅಷ್ಟೇ ದೇವರ ಸನ್ನಿಧಿಯಲ್ಲಿ ತಾನಿರುವೆನೆಂದು ಅವನು ಕಂಡುಕೊಂಡನು. 1691ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪತ್ರಗಳೂ ಸಂಭಾಷಣೆಗಳೂ ಪ್ರಕಟವಾಗಿ ಲೋಕಪ್ರಸಿದ್ಧವಾದುವು. ಅವನನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಆ ನೆಮ್ಮದಿ ಅವನಿಗೆ ಮಠ ಸೇರಿದ ಮರುದಿನ ಬಂದದ್ದಲ್ಲ. ಮೊದಲ ಸುಮಾರು ಹತ್ತು ವರ್ಷ ಅವನು ಬಹಳ ಕ್ಲೇಶಪಟ್ಟನು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ದೇವಸಾನ್ನಿಧ್ಯವನ್ನು ಗುರುತಿಸುವ ಹಂಬಲವು ಎಷ್ಟೋ ಸಲ ಸೂಚನೆಗಳನ್ನು ಹುಡುಕುವ ಚಟವಾಗಿ ಕೆಡುತ್ತದೆ. ಬಸ್ಸು ತಪ್ಪಿದ್ದು ದೇವರ ಸಂಕೇತ, ಧಾರಣೆ ಏರಿದ್ದು ದೇವರ ಮೆಚ್ಚಿಗೆ, ನೆರೆಯವನ ತೋಟಕ್ಕೆ ಕೊಳೆರೋಗ ತಗಲಿ ನನ್ನ ತೋಟ ಉಳಿದದ್ದು ನನ್ನ ಹರಕೆಯ ಫಲ. ಹೀಗೆ ಲೆಕ್ಕ ಹಾಕುವವನು ದೇವರನ್ನು ಕಾಣುತ್ತಿಲ್ಲ, ತನ್ನನ್ನೇ ಕಾಣುತ್ತಿದ್ದಾನೆ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಒಂದೇ ಮಳೆ ಸುರಿಯುತ್ತದೆಂಬ ಯೇಸುವಿನ ಬೋಧೆಯನ್ನು ಅರ್ಥಮಾಡಿಕೊಳ್ಳಲು ಮಲೆನಾಡಿಗಿಂತ ತಕ್ಕ ಸ್ಥಳ ಇನ್ನೆಲ್ಲಿದೆ? ಅಡಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕುರಿತು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಬರೆದು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಬೆರಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಕ್ರಮ ಆ ಕಾಲದಿಂದ ಮಲೆನಾಡಿನಲ್ಲಿ ಬಳಕೆಗೆ ಬಂದಿತು. ಅದಕ್ಕೆ ಮುಂಚೆ ನಮ್ಮ ಹಿರಿಯರು ಹಾಳೆಯ ಕೊಟ್ಟೆ ಕಟ್ಟಿ ಗೊನೆಯನ್ನು ಮಳೆಯಿಂದ ಕಾಪಾಡುತ್ತಿದ್ದರು. ದೂರದ ಕೆನಡಾದಿಂದ ಬಂದ ಒಬ್ಬ ವಿಜ್ಞಾನಿ ಪರದೇಶದ ಬಡ ತೋಟಿಗನ ಗೊನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತ ಕುಳಿತ ಆ ತಾಳ್ಮೆಯಲ್ಲಿ ದೇವರ ಕೈಯನ್ನು ಗುರುತಿಸುವುದು, ಔಷಧಿ ಹೊಡೆಯದೆ ಹರಕೆ ಹೊತ್ತು ಕುಳಿತುಕೊಳ್ಳುವುದಕ್ಕಿಂತ, ನನಗೆ ಹೆಚ್ಚು ಕ್ರೈಸ್ತವಾಗಿ ತೋರುತ್ತದೆ.

ಇನ್ನು, ಗುರುತು ಹಿಡಿಯುವುದು ಅತ್ಯಂತ ಕಷ್ಟವಾದ ಸ್ಥಳ ಯಾವುದೆಂದರೆ ಬಟವಾಡೆಯ ಮೇಜು. ವಾರದ ಕೊನೆಯ ಸಂಜೆ ತೋಟದ ಕಚೇರಿಯ ಜಗಲಿಯಲ್ಲಿ ರೈಟರು ಪುಸ್ತಕ ಬಿಡಿಸಿ ಹೆಸರು ಕರೆಯುತ್ತಾನೆ. ಕಂಬಳಿಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತ, ಇಂಬಳ ಕಚ್ಚಿದ ಕಾಲಿಗೆ ಸುಣ್ಣ ಹಚ್ಚಿಕೊಂಡು, ಆಳುಗಳು ಸಾಲಾಗಿ ನಿಂತಿರುತ್ತಾರೆ. ಒಬ್ಬಾಕೆ ಎರಡು ದಿನ ಮಗುವಿನ ಜ್ವರದ ನಿಮಿತ್ತ ಬರಲಿಲ್ಲ. ಮುಂಗಡದ ಹಣ ಹಿಡಿದುಕೊಂಡರೆ ಆಕೆಗೆ ಉಳಿಯುವುದು ಅಷ್ಟಕ್ಕಷ್ಟೆ. “ಈ ವಾರ ಹಿಡೀಬ್ಯಾಡಿ ಒಡೆಯಾ, ಮುಂದಿನ ವಾರ ಹಿಡ್ಕಳಿ” ಎಂದು ಆಕೆ ಹೇಳುತ್ತಾಳೆ. ಮೇಜಿನ ಹಿಂದೆ ಕುಳಿತ ಯಜಮಾನನು ಕ್ರೈಸ್ತನಾಗಿರಬಹುದು. ಅಂದು ಬೆಳಿಗ್ಗೆ ಜಪಸರ ಹಿಡಿದವನೇ ಆಗಿರಬಹುದು. ಆತನ ಹಿಂದಿನ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಚಿತ್ರವೂ ಇರಬಹುದು. ಕೂಲಿಕಾರನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಾಕೋಬನ ಪತ್ರಿಕೆ ನುಡಿಯುತ್ತದೆ. ಮಗ್ದಲದ ಮರಿಯಳು ಕ್ರಿಸ್ತನನ್ನು ತೋಟದ ಆಳೆಂದು ಬಗೆದದ್ದು ಒಂದು ಗಳಿಗೆ. ನಾವು ತೋಟದ ಆಳಿನಲ್ಲಿ ಕ್ರಿಸ್ತನನ್ನು ಕಾಣದೆ ಬಾಳುವುದು ಆಯುಷ್ಯವೆಲ್ಲ. ಹೀಗೆ ಬರೆಯುವಾಗ ನನಗೆ ನೋವಾಗುತ್ತದೆ. ಪರಮ ಪ್ರಸಾದವನ್ನು ನಾಲಗೆಯ ಮೇಲೆ ಸ್ವೀಕರಿಸುವಾಗ ನಡುಗುವ ಭಕ್ತಿಯು ಕೂಲಿಯ ಪುಸ್ತಕದ ಮುಂದೆ ಕಲ್ಲಾಗುವುದನ್ನು ನಮ್ಮ ಸಮಾಜ ಸಹಿಸಿಕೊಂಡಿದೆ, ಸಹಿಸಿಕೊಳ್ಳಬಾರದಾಗಿತ್ತು. ನಾಲ್ಕನೆಯ ಶತಮಾನದ ಯೋಹಾನ ಕ್ರಿಸೊಸ್ತೋಮರು ಇದೇ ವಿಷಯವನ್ನು ತಮ್ಮ ಉಪದೇಶಗಳಲ್ಲಿ ನಿಷ್ಠುರವಾಗಿ ಎತ್ತಿ ಆಡಿದ್ದರು: ಬಲಿಪೀಠವನ್ನು ರೇಷ್ಮೆಯಿಂದ ಅಲಂಕರಿಸಿ, ಹೊರಗೆ ಚಳಿಯಲ್ಲಿ ನಡುಗುವ ಕ್ರಿಸ್ತನನ್ನು ಬರಿಮೈಯಲ್ಲಿ ಬಿಡುವುದು ಆತನಿಗೆ ಗೌರವವಾಗಲಾರದೆಂದು.

ಶೃಂಗೇರಿಯ ಸ್ಥಳಪುರಾಣದಲ್ಲಿ ಒಂದು ಕಥೆಯಿದೆ. ಸುಡುಬಿಸಿಲಿನಲ್ಲಿ ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಗೆ ಸರ್ಪವೊಂದು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ತುಂಗೆಯ ದಡದಲ್ಲಿ ಕಂಡು, ಶಂಕರರು ಆ ಸ್ಥಳವನ್ನು ತಮ್ಮ ಪೀಠಕ್ಕೆ ಆರಿಸಿಕೊಂಡರೆಂದು. ಹಸಿವುಳ್ಳ ಬಲಿಷ್ಠನು ಬಲಹೀನನಿಗೆ ನೆರಳಾಗುವುದರಲ್ಲಿ ಆ ಆಚಾರ್ಯರು ಪವಿತ್ರತೆಯ ಗುರುತನ್ನು ಹಿಡಿದರು. ತೋಳವೂ ಕುರಿಮರಿಯೂ ಒಟ್ಟಿಗೆ ಬಾಳುವ ಯೆಶಾಯನ ದರ್ಶನವನ್ನು ಓದಿ ಬೆಳೆದ ಕ್ರೈಸ್ತನಿಗೆ ಈ ಕಥೆ ಪರಕೀಯವೆನಿಸಬೇಕಾಗಿಲ್ಲ. ಬಟವಾಡೆಯ ಮೇಜಿನ ಹಿಂದೆ ಕುಳಿತಿರುವವನಿಗಂತೂ ಅದು ಮಾಡಬೇಕಾದದ್ದನ್ನು ಸ್ಪಷ್ಟವಾಗಿಯೇ ತೋರುತ್ತದೆ.

ಎಷ್ಟು ಹುಡುಕಿದರೂ ಗುರುತು ಹತ್ತದ ಕಾಲಗಳೂ ಉಂಟು. ಮಗುವನ್ನು ಕಳೆದುಕೊಂಡ ತಾಯಿಗೆ, ಮಂಗನ ಕಾಯಿಲೆಗೆ ಮನೆಯ ದುಡಿಯುವ ಕೈಯನ್ನು ಒಪ್ಪಿಸಿದವರಿಗೆ, ದೇವರು ಇಲ್ಲಿಯೇ ಇದ್ದಾನೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಅವರ ಬಳಿ ಕುಳಿತುಕೊಳ್ಳುವ ಕರ್ತವ್ಯ ಮಾತ್ರ ಉಂಟು. ಕಲ್ಕತ್ತೆಯ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರು ತಮ್ಮೊಳಗೆ ದೇವರ ಇರವನ್ನು ಅನುಭವಿಸದೆ, ಕತ್ತಲೆಯಲ್ಲಿಯೇ ಪ್ರಾರ್ಥಿಸಿ ದುಡಿದರೆಂಬ ಸಂಗತಿ ಲೋಕಕ್ಕೆ ತಿಳಿಯಿತು. ಕೆಲವರು ಅದನ್ನು ಅವರ ಶ್ರದ್ಧೆಯ ಸೋಲೆಂದರು. ನನಗೆ ಹಾಗೆ ತೋರುವುದಿಲ್ಲ. ಶಿಲುಬೆಯ ಮೇಲೆ ತಂದೆಯಿಂದ ತಾನು ಕೈಬಿಡಲ್ಪಟ್ಟೆನೆಂದು ಕೂಗಿದವನನ್ನು ಹಿಂಬಾಲಿಸುವವರಿಗೆ ಆ ಕೂಗೂ ಪರಿಚಯದ ಒಂದು ಭಾಗವೇ.

ಹದಿನಾರನೆಯ ಶತಮಾನದ ಇಗ್ನೇಷಿಯಸ್ ಲೊಯೋಲರು ತಮ್ಮವರಿಗೆ ಕಲಿಸಿದ ಆತ್ಮಶೋಧನೆಯ ಅಭ್ಯಾಸ ಇಂತಹ ಕಾಲಕ್ಕೂ ಸಾಮಾನ್ಯ ಕಾಲಕ್ಕೂ ಒಂದೇ ರೀತಿ ಒದಗುವಂತಹದು. ದಿನ ಮುಗಿದ ಮೇಲೆ ಆ ದಿನವನ್ನು ಕೃತಜ್ಞತೆಯಿಂದ ಮೊದಲ್ಗೊಂಡು ಹಿಂದಿರುಗಿ ನೋಡುವುದು. ಯಾರು ಬಂದರು, ಯಾರಿಗೆ ಏನನ್ನು ಕೊಟ್ಟೆ, ಯಾರನ್ನು ಬರಿಗೈಯಲ್ಲಿ ಕಳುಹಿಸಿದೆ, ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು ಎಂದು ಆತನ ಮುಂದೆ ಒಪ್ಪಿಸುವುದು. ಹಿಂದಿರುಗಿ ನೋಡುವುದರಲ್ಲಿ ಅರ್ಥವಿದೆ. ಎಮ್ಮಾವುಸಿನ ಇಬ್ಬರಿಗೂ ದಾರಿಯಲ್ಲಿ ತಮ್ಮ ಹೃದಯ ಕುದಿಯುತ್ತಿದ್ದುದು ತಿಳಿದದ್ದು ಆತನು ಕಣ್ಮರೆಯಾದ ಮೇಲೆಯೇ. ತೇರ್ಸಿನ ಕೊನೆಯಲ್ಲಿ, ಬೆಸಾಂವಿಗೆ ಮುಂಚೆ, ಐದು ನಿಮಿಷ ಹೀಗೆ ಮೌನವಾಗಿ ಕುಳಿತುಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿ ಬೆಳೆಯಬೇಕೆಂದು ನನ್ನ ಆಸೆ. ಬಟವಾಡೆಯ ಸಂಜೆಗಳಲ್ಲಿಯಂತೂ ಅವಶ್ಯವಾಗಿ.

ಕೊನೆಗೆ ಒಂದು ತೊಡಕು ಉಳಿಯುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮತ್ತಾಯನು ಬರೆದ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದ ನ್ಯಾಯವಿಚಾರಣೆಯಲ್ಲಿ, ಹಸಿದವರಿಗೆ ಅನ್ನ ಕೊಟ್ಟು, ಪರದೇಶಿಗೆ ಆಶ್ರಯ ಕೊಟ್ಟು, ರೋಗಿಯನ್ನು ವಿಚಾರಿಸಿಕೊಂಡು ಅರಸನ ಬಲಗಡೆ ನಿಂತವರೂ, ಏನನ್ನೂ ಮಾಡದೆ ಎಡಗಡೆ ನಿಂತವರೂ ಕೇಳುವ ಪ್ರಶ್ನೆ ಒಂದೇ: ನಿನ್ನನ್ನು ನಾವು ಯಾವಾಗ ಕಂಡೆವು? ಅಂದರೆ, ಸೇವೆ ಮಾಡಿದವರೂ ಆತನನ್ನು ಗುರುತಿಸಿರಲಿಲ್ಲ. ಹಾಗಾದರೆ ಗುರುತಿಸುವುದರ ಅಗತ್ಯವೇನು? ಒಂದು ಮಳೆಗಾಲದ ರಾತ್ರಿ, ಬೇನೆಯಿಂದ ನರಳುತ್ತಿದ್ದ ಹೆಂಗಸೊಬ್ಬಳನ್ನು ಒಯ್ಯುತ್ತಿದ್ದ ಜೀಪು ಕೆಸರಿನಲ್ಲಿ ಹೂತಾಗ, ಅದನ್ನು ಎತ್ತುವುದಕ್ಕೆ ಹೆಗಲು ಕೊಟ್ಟ ನೆರೆಯವರಲ್ಲಿ ಯಾರೂ ಕ್ರಿಸ್ತನನ್ನು ನೆನೆದಿರಲಾರರು. ಆದರೂ ಆಕೆ ಬೆಳಗಾಗುವುದರೊಳಗೆ ಕೊಪ್ಪದ ಆಸ್ಪತ್ರೆಯನ್ನು ಸೇರಿದಳು. ಆ ನೆರೆಯವರು ಅರಸನ ಬಲಗಡೆ ನಿಲ್ಲುವವರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಗುರುತಿಸದಿದ್ದುದರಿಂದ ಅವರಿಗೆ ಕೊರತೆಯೇನೂ ಆಗಲಿಲ್ಲ. ಗುರುತಿಸಬೇಕಾದವಳು ಜೀಪಿನೊಳಗೆ ಮಲಗಿದ್ದವಳು, ಆಕೆಯ ಗಂಡ, ಆಕೆಯ ಮನೆಯವರು. ಆ ರಾತ್ರಿ ತಮಗೆ ದೊರೆತದ್ದು ಕೇವಲ ನಾಲ್ಕು ಜನರ ತೋಳಿನ ಬಲವೆಂದು ಬಗೆದರೆ ಅವರ ಋಣ ನಾಲ್ಕು ಜನರಲ್ಲಿಯೇ ಮುಗಿದುಹೋಗುತ್ತದೆ, ಒಂದು ದಿನ ಊಟಕ್ಕೆ ಕರೆದು ತೀರಿಸಿಬಿಡಬಹುದು. ಕೊಟ್ಟವನನ್ನು ಗುರುತಿಸಿದರೆ ಆ ಋಣವನ್ನು ಮುಂದೆ ದಾರಿಯಲ್ಲಿ ಸಿಕ್ಕುವ ಪ್ರತಿಯೊಬ್ಬನಿಗೂ ಸಲ್ಲಿಸಬೇಕಾಗುತ್ತದೆ.